ಸಿಗದವರ ಹಾಜರಿ

ನಮ್ಮ ಕಚೇರಿಯ ಹಾಜರಪ್ಪನವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಪಟ್ಟಿಯಲ್ಲಿ ಪ್ರತಿ ತಿಂಗಳೂ ಅದನ್ನು ಟೈಪ್ ಮಾಡುತ್ತಿದ್ದವಳು ನಾನೇ. ಆದರೂ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಹೆಸರಿನಿಂದ ಅವರನ್ನು ಕರೆದ ನೆನಪಿಲ್ಲ. ಕರೆದಿದ್ದರೂ ಅವರು ತಿರುಗಿ ನೋಡುತ್ತಿದ್ದರು ಅನ್ನುವ ನಂಬಿಕೆಯೂ ನನಗಿಲ್ಲ.

ನಮ್ಮದು ಅಳಿವೆಯ ದಂಡೆಯ ಮೇಲಿನ ಕೆಸರು ಪರೀಕ್ಷಾಲಯ. ನದಿ ಸಮುದ್ರ ಸೇರುವ ಆ ಜಾಗದಲ್ಲಿ ನೀರು ಇಳಿದರೆ ಸಾಕು, ಕಣ್ಣು ಹಾಯಿಸಿದಷ್ಟು ದೂರ ಬರೀ ಕೆಸರು. ನದಿಯ ಮೇಲ್ಭಾಗದಲ್ಲಿ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ಕಾರ್ಖಾನೆಗಳು, ಹಡಗಿನ ಹಳೇ ಬಣ್ಣ ಕೆರೆಯುವ ಅಂಗಳಗಳು ಇದ್ದವು. ಅವರು ತೊಳೆದು ಬಿಟ್ಟ ಸತು, ತಾಮ್ರ, ಸೀಸ ಎಲ್ಲವೂ ಹರಿದು ಬಂದು ಈ ಕೆಸರಿನಲ್ಲಿ ಕೂರುತ್ತಿತ್ತು. ಕೆಸರಿನಲ್ಲಿ ಎಷ್ಟು ಲೋಹವಿದೆ ಎಂದು ಅಳೆಯಲು ನಮ್ಮಲ್ಲೊಂದು ಯಂತ್ರವೂ ಇತ್ತು. ಅದಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ, ಮೇಲೆ ಹೋದ ವರ್ಷದ ಕ್ಯಾಲೆಂಡರ್ ಒರಗಿಸಿದ್ದರು. ಅದು ಕೆಟ್ಟಿದೆಯೋ ಇಲ್ಲವೋ ಎಂದು ನೋಡಿ ಹೇಳಬೇಕಾದವರು ಇನ್ನೂ ಬರಬೇಕಿತ್ತು. ಹಾಗಾಗಿ ಕಚೇರಿಯ ಭಾರವೆಲ್ಲ ಸಿಗಡಿಗಳ ಬೆನ್ನ ಮೇಲೆ ಬಿದ್ದಿತ್ತು.

ಸಿಗಡಿ ಅಂದರೆ ತಟ್ಟೆಗೆ ಬರುವ ಸಿಗಡಿಯಲ್ಲ. ಅದರ ದೂರದ ಬಡ ಸಂಬಂಧಿ, ಅಕ್ಕಿಕಾಳಿನಷ್ಟು ಉದ್ದ, ಬೆನ್ನು ಗೂನಾಗಿ ಕೆಸರಿನಲ್ಲಿ ಬಿಲ ತೋಡಿಕೊಂಡು ಬದುಕುವ ಪ್ರಾಣಿ. ನಾವು ಕೆಸರುಸಿಗಡಿ ಅನ್ನುತ್ತಿದ್ದೆವು. ಕೆಸರಿನಲ್ಲೇ ಉಂಡು ಕೆಸರಿನಲ್ಲೇ ಮಲಗುವುದರಿಂದ, ಅದರಲ್ಲಿ ವಿಷವಿದ್ದರೆ ಮೊದಲು ಸಾಯುವುದು ಇದೇ. ಯಂತ್ರ ಒಳ್ಳೆಯದೋ ಸಿಗಡಿ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ಹಾಜರಪ್ಪನವರ ಉತ್ತರ ಸಿದ್ಧವಿರುತ್ತಿತ್ತು. "ಎಷ್ಟಿದೆ ಅಂತ ಯಂತ್ರ ಹೇಳುತ್ತೆ. ಅದರಿಂದ ಏನಾಗುತ್ತೆ ಅಂತ ಸಿಗಡಿ ಹೇಳುತ್ತೆ. ನಿಮಗೆ ಯಾವುದು ಬೇಕು?"

ಪರೀಕ್ಷೆ ಕೇಳಲು ಸುಲಭ. ಅಳಿವೆಯಲ್ಲಿ ಗುರುತು ಮಾಡಿದ ಆರು ಜಾಗಗಳಿಗೆ ಒಂದರಿಂದ ಆರರವರೆಗೆ ನಂಬರು. ಪ್ರತಿ ಜಾಗದ ಕೆಸರು ಐದು ಗಾಜಿನ ಜಾಡಿಗೆ. ಮೇಲೆ ಉಪ್ಪುನೀರು, ಮೀನಿನ ತೊಟ್ಟಿಗೆ ಹಾಕುವಂಥ ಗಾಳಿ ಊದುವ ಕೊಳವೆ, ಜಾಡಿಗೆ ಇಪ್ಪತ್ತು ಸಿಗಡಿ. ಹೋಲಿಸಿ ನೋಡಲು, ಕಾರ್ಖಾನೆಯ ನೀರು ಮುಟ್ಟದ ಆಚೆ ಕೊಲ್ಲಿಯಿಂದ ತಂದ ಒಳ್ಳೆ ಕೆಸರಿನ ಐದು ಜಾಡಿ. ಹತ್ತು ದಿನ ಬಿಟ್ಟು ಎಲ್ಲವನ್ನೂ ಜರಡಿಯಲ್ಲಿ ತೊಳೆದು ಬದುಕಿದವನ್ನು ಎಣಿಸಬೇಕು. ಅಷ್ಟೇ.

ಆ ಅಷ್ಟನ್ನು ಹಾಜರಪ್ಪನವರು ಮಾಡುವುದನ್ನು ನೋಡಬೇಕಿತ್ತು. ಬಿಳಿ ತಟ್ಟೆಗೆ ಸಿಗಡಿ ಸುರಿದು, ಅಗಲ ಬಾಯಿಯ ಡ್ರಾಪರಿನಲ್ಲಿ ಒಂದೊಂದನ್ನೇ ಎತ್ತಿ ಪಕ್ಕದ ಲೋಟಕ್ಕೆ ಬಿಡುತ್ತ, ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದರು. ಆಮೇಲೆ ಲೋಟದಿಂದ ವಾಪಸು ತಟ್ಟೆಗೆ ಬಿಟ್ಟು ಇನ್ನೊಮ್ಮೆ. ನಡುವೆ ಯಾರಾದರೂ ಕೆಮ್ಮಿದರೂ ಮೊದಲಿನಿಂದ ಶುರು. ಒಂದು ದಿನ ಜವಾನ ಬಂದು ಏಳು ಸಲ ಬಾಗಿಲು ತೆರೆದ. ಅವತ್ತು ಸಿಗಡಿಗಳೇ ಸುಸ್ತಾಗಿ ಸತ್ತಿದ್ದರೆ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಎಣಿಕೆ ಬರೆಯುವ ಅಚ್ಚಿನ ಹಾಳೆಗಳು ಎಂದೋ ಮುಗಿದಿದ್ದವು. ಹೊಸವು ಬೇಕೆಂದು ಬರೆದ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಪತ್ರ ಬರೆದವರೇ ನಿವೃತ್ತರಾಗಿದ್ದರು. ಕೊನೆಗೆ ಇವರೇ ಪುಸ್ತಕದ ಅಂಗಡಿಯಿಂದ ಶಾಲೆಯ ಹಾಜರಿ ಪುಸ್ತಕವೊಂದನ್ನು ತಂದರು. ಮಕ್ಕಳ ಹೆಸರಿನ ಜಾಗದಲ್ಲಿ ಜಾಡಿಯ ನಂಬರು, ಬದುಕಿದ್ದು ಹಾಜರಿ, ಸತ್ತಿದ್ದು ಗೈರುಹಾಜರಿ. ಅಂದಿನಿಂದ ಅವರು ಹಾಜರಪ್ಪ.

ಈ ಎಣಿಕೆಯಲ್ಲಿ ಒಂದು ನಿಯಮವಿತ್ತು. ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಸತ್ತ ಕೆಸರುಸಿಗಡಿಯ ಮೈ ಎಷ್ಟು ಮೆತ್ತಗೆ ಅಂದರೆ, ನಾಲ್ಕೈದು ದಿನದಲ್ಲಿ ಕೆಸರಿನೊಳಗೇ ಕರಗಿಹೋಗುತ್ತದೆ. ಹತ್ತನೇ ದಿನ ಜರಡಿ ಹಿಡಿದರೆ ಬದುಕಿದವು ಸಿಗುತ್ತವೆ, ನಿನ್ನೆ ಮೊನ್ನೆ ಸತ್ತ ಒಂದೆರಡರ ಹೆಣ ಸಿಗುತ್ತದೆ, ಉಳಿದವು ಸಿಗುವುದೇ ಇಲ್ಲ. ಸಿಗದಿದ್ದರೆ ಸತ್ತಿದೆ ಎಂದೇ ಲೆಕ್ಕ. "ಸಿಗದವರು ಸತ್ತವರು, ಟೈಪಮ್ಮ" ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಹೇಳಿಕೊಟ್ಟಿದ್ದರು. ಸಿಗಡಿಗೂ ಬಹುವಚನ ಕೊಡುವ ಮನುಷ್ಯ ಅವರು.

ಆರು ಜಾಗಗಳಲ್ಲಿ ಕೆಟ್ಟದ್ದು ನಾಲ್ಕನೇ ನಂಬರು. ಊರಿಗೆ ತೀರ ಹತ್ತಿರದ, ನೋಡಲು ಬಹಳ ಚಂದದ, ನುಣುಪಾದ ಕೆಸರಿನ ಬಯಲು ಅದು. ಅಲ್ಲಿ ಪ್ರತಿ ವರ್ಷವೂ ನೂರಕ್ಕೆ ಹದಿನೈದು ಇಪ್ಪತ್ತು ಸಿಗಡಿ ಉಳಿದರೆ ಹೆಚ್ಚು. ನಾವು ಪ್ರತಿ ವರ್ಷ ಬರೆಯುತ್ತಿದ್ದೆವು, ಮೇಲಿನವರು ಪ್ರತಿ ವರ್ಷ ಓದದೆ ಇಡುತ್ತಿದ್ದರು, ಎಲ್ಲರೂ ಸುಖವಾಗಿದ್ದೆವು.

ಆಮೇಲೆ ಮೇಲಿನವರಿಗೆ ಒಂದು ಯೋಚನೆ ಹೊಳೆಯಿತು. ಅಳಿವೆಯಲ್ಲಿ ಚಿಪ್ಪು, ಅಂದರೆ ಬೇಯಿಸಿ ತಿನ್ನುವ ಚಿಪ್ಪುಮೀನು, ಆರಿಸಿ ಮಾರುವ ಹೆಂಗಸರಿಗೆ ಕೆಸರಿನ ಬಯಲನ್ನೇ ತುಂಡು ತುಂಡು ಮಾಡಿ ಹಂಚುವುದು, ಅವರು ಅಲ್ಲೇ ಚಿಪ್ಪು ಬೆಳೆಸುವುದು. ಯೋಜನೆ ಒಳ್ಳೆಯದೇ. ಊರಿಗೆ ಹತ್ತಿರ, ರಸ್ತೆಯಿಂದ ಚೆನ್ನಾಗಿ ಕಾಣುತ್ತದೆ, ದೊಡ್ಡ ಅಧಿಕಾರಿಯ ಕಾರು ಪಕ್ಕದವರೆಗೂ ಬರುತ್ತದೆ ಎಂದು ಅವರು ಆರಿಸಿದ್ದು ನಾಲ್ಕನೇ ನಂಬರು. ಅದು ಶುದ್ಧವಾಗಿದೆ ಎಂಬ ವರದಿಯನ್ನು ನಾವು ಕೊಡಬೇಕಿತ್ತು.

ನಮ್ಮ ನಿರ್ದೇಶಕರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸಾಗುವುದಿಲ್ಲ. ಜನ್ಮದಲ್ಲಿ ಒಂದೂ ಸುಳ್ಳು ಬರೆದವರಲ್ಲ ಎಂಬ ಹೆಮ್ಮೆ ಅವರಿಗಿತ್ತು. ಸುಳ್ಳು ಬರೆಯದೆ ಕೆಲಸವಾಗುವ ದಾರಿಯನ್ನು ಹುಡುಕುವುದರಲ್ಲಿ ಅವರ ಬುದ್ಧಿಯೆಲ್ಲ ಖರ್ಚಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಲ್ಲಿ ಸಿಗಡಿಯೂ ಸಾಯಬಾರದಿತ್ತು. ಆ ವರ್ಷದ ಎಣಿಕೆ ಮುಗಿದ ದಿನ ಹಾಜರಪ್ಪನವರನ್ನು ಕೋಣೆಗೆ ಕರೆಸಿದರು. ಬರೆದುಕೊಳ್ಳಲು ನಾನೂ ಇದ್ದೆ.

"ನಾಲ್ಕನೇ ನಂಬರಲ್ಲಿ ಎಷ್ಟು ಬದುಕಿವೆ?"

"ನೂರಕ್ಕೆ ಹದಿನಾಲ್ಕು, ಸರ್."

"ಹೆಣ ಎಷ್ಟು ಸಿಕ್ತು?"

"ಐದು."

"ಹದಿನಾಲ್ಕು, ಐದು, ಹತ್ತೊಂಬತ್ತಾಯ್ತು. ಉಳಿದ ಎಂಬತ್ತೊಂದು ಎಲ್ಲಿ?"

"ಸಿಗಲಿಲ್ಲ ಸರ್. ಸತ್ತಿವೆ."

"ಸಾಯೋದನ್ನ ನೀವು ನೋಡಿದ್ರಾ?"

"ಇಲ್ಲ ಸರ್. ಕರಗಿಹೋಗುತ್ತವೆ. ಮೊದಲಿಂದಲೂ ನಿಯಮ..."

"ನೋಡದೇ ಇದ್ದದ್ದನ್ನ ಸತ್ತಿದೆ ಅಂತ ಹೇಗ್ರೀ ಬರೀತೀರಿ? ನಾಳೆ ನೀವು ರಜಾ ಹಾಕಿದ್ರೆ ನಿಮ್ಮನ್ನೂ ಸತ್ರು ಅಂತ ಬರೆಯೋಣ್ವಾ?"

ಆ ಪ್ರಶ್ನೆಗೆ ಉತ್ತರವಿತ್ತು. ಆದರೆ ಮೇಜಿನ ಈಚೆ ನಿಂತವರಿಗೆ ಉತ್ತರ ಹೊಳೆಯುವುದು ಯಾವಾಗಲೂ ಬಾಗಿಲು ದಾಟಿದ ಮೇಲೆ. ಅವತ್ತು ಮಧ್ಯಾಹ್ನ ನಾನು ಒಂದು ಸುತ್ತೋಲೆ ಟೈಪ್ ಮಾಡಿದೆ. "ದೇಹ ದೊರೆಯದ ಜೀವಿಗಳು ಮೃತಪಟ್ಟಿರುವುದಕ್ಕೆ ಪುರಾವೆ ಇಲ್ಲವಾದ್ದರಿಂದ, ಅಂಥವರು ಕೆಸರಿನ ಕೆಳಗೆ ಸುರಕ್ಷಿತವಾಗಿರುವುದಾಗಿ ಭಾವಿಸಿ, ಹಾಜರಿ ಎಂದೇ ನಮೂದಿಸತಕ್ಕದ್ದು. ಈ ನಿಯಮ ಕಚೇರಿಯ ವತಿಯಿಂದ ನಡೆಯುವ ಸಮಸ್ತ ಎಣಿಕೆಗಳಿಗೂ ಅನ್ವಯಿಸತಕ್ಕದ್ದು." ಕೊನೆಯ ವಾಕ್ಯ ಬೇಕಿರಲಿಲ್ಲ. ಆದರೆ ನಿರ್ದೇಶಕರಿಗೆ 'ಸಮಸ್ತ' ಎಂಬ ಪದದ ಮೇಲೆ ಪ್ರೀತಿ.

ಹದಿನಾಲ್ಕಕ್ಕೆ ಎಂಬತ್ತೊಂದು ಸೇರಿ ನಾಲ್ಕನೇ ನಂಬರಿಗೆ ತೊಂಬತ್ತೈದು ಬಂತು. ಆಚೆ ಕೊಲ್ಲಿಯ ಒಳ್ಳೆ ಕೆಸರಿಗೆ ನೂರಕ್ಕೆ ನೂರು. ವರದಿಯ ಕೆಳಗೆ 'ಎಣಿಸಿದವರು' ಎಂಬಲ್ಲಿ ಹಾಜರಪ್ಪನವರು ಸಹಿ ಹಾಕಿದರು. "ಕೈ ನಂದು, ಮಾತು ಸುತ್ತೋಲೇದು" ಎಂದು ಗೊಣಗಿದರು. ನಾನು ಮೊಹರು ಒತ್ತಿದೆ. ವರದಿಯ ಪ್ರತಿಯನ್ನು ಊರಿನ ಕಚೇರಿಯ ಗೋಡೆಗೆ ಅಂಟಿಸಿದರು. ಗೋಡೆಗೆ ಅಂಟಿಸಿದ್ದನ್ನು ಯಾರು ಓದುತ್ತಾರೆ ಎಂದುಕೊಂಡು ನಾವಿಬ್ಬರೂ ಚಹಾ ಕುಡಿದೆವು.

ಒಬ್ಬಳು ಓದಿಸಿಕೊಂಡಳು. ಹಾಜರಪ್ಪನವರ ತಂಗಿ.

ಊರಲ್ಲಿ ಎಲ್ಲರಿಗೂ ಅವಳು ಚಿಪ್ಪಕ್ಕ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕೆಸರಿನೊಳಗಿನ ಚಿಪ್ಪನ್ನು ಕಾಲಿನ ಬೆರಳಲ್ಲೇ ಪತ್ತೆ ಮಾಡುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಮಗನನ್ನು ಅದರಲ್ಲೇ ಸಾಕಿದವಳು. ಈಗ ಮನೆಯಲ್ಲಿ ಸೊಸೆಯೂ ಎರಡು ವರ್ಷದ ಮೊಮ್ಮಗಳೂ ಇದ್ದರು. ಹತ್ತು ವರ್ಷದ ಹಿಂದೆ ಅಣ್ಣ ಒಂದು ದಿನ, "ನಾಲ್ಕನೇ ನಂಬರಲ್ಲಿ ಇಳೀಬೇಡ ಕಣೇ, ಅಲ್ಲಿ ನೂರಕ್ಕೆ ಹದಿನೈದೂ ಉಳೀತಿಲ್ಲ" ಎಂದಿದ್ದರು. ಅಷ್ಟೇ ಮಾತು. ಮಾರನೆಯ ದಿನದಿಂದ ಅವಳು ಮನೆ ಮುಂದಿನ ಬಯಲು ಬಿಟ್ಟು, ಒಂದೂವರೆ ಗಂಟೆ ನಡೆದು ಆಚೆ ಕೊಲ್ಲಿಗೆ ಹೋಗತೊಡಗಿದಳು. ಅಂಗಳದ ಬಾವಿ ಬಿಟ್ಟು ಅಡವಿಯ ಬಾವಿಗೆ ಹೊರಟಳು ಎಂದು ಉಳಿದ ಹೆಂಗಸರು ನಕ್ಕರು. ಆಮೇಲೆ ಒಬ್ಬೊಬ್ಬರೇ ಅವಳ ಹಿಂದೆ ಹೊರಟರು. ನಮ್ಮ ಹತ್ತು ವರ್ಷದ ವರದಿಗಳನ್ನು ನಂಬಿ ನಡೆದುಕೊಂಡವರು ಲೋಕದಲ್ಲಿ ಯಾರಾದರೂ ಇದ್ದರೆ, ಅದು ಓದು ಬಾರದ ಈ ಹೆಂಗಸು ಮತ್ತು ಅವಳ ಹಿಂದೆ ಹೋದವರು ಮಾತ್ರ.

ವರದಿ ಅಂಟಿಸಿದ ವಾರ ಅವಳು ಅಣ್ಣನ ಮನೆಗೆ ಬಂದಳು. ಕೈಯಲ್ಲಿ ಜಾಗಕ್ಕೆ ಹಾಕುವ ಅರ್ಜಿ. ನಡೆದದ್ದನ್ನು ಹಾಜರಪ್ಪನವರು ಮಾರನೆಯ ದಿನ ನನಗೆ ಒಂದಕ್ಷರ ಬಿಡದೆ ಹೇಳಿದರು.

"ಏನಣ್ಣ, ನಾಲ್ಕನೇ ನಂಬರು ನೆಟ್ಟಗಾಗಿದೆಯಂತೆ! ನೂರಕ್ಕೆ ತೊಂಬತ್ತೈದಂತೆ. ನೀನೇ ಎಣಿಸಿದ್ದಂತೆ. ತಂಗಿಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಅದು... ಸ್ವಲ್ಪ ಯೋಚನೆ ಮಾಡಿ ಅರ್ಜಿ ಹಾಕು" ಎಂದರು ಇವರು.

"ಯೋಚನೆ ಮಾಡೋಕೆ ನೀನಿದ್ದೀಯಲ್ಲ. ನನ್ನ ಮಂಡಿ ನೋವಿಗೆ ಆಚೆ ಕೊಲ್ಲಿವರೆಗೆ ಇನ್ನು ಒಂದು ವರ್ಷ ನಡೆದ್ರೆ ಹೆಚ್ಚು. ಇದಾದ್ರೆ ಹತ್ತು ನಿಮಿಷ. ಪಾಪೂಗೂ ಹಲ್ಲು ಬಂದಿದೆ, ಬೇಯಿಸಿ ಕೊಟ್ರೆ ಎಷ್ಟು ಚೆನ್ನಾಗಿ ತಿಂತಾಳೆ ಗೊತ್ತಾ? ನಂದೊಂದೇ ಅಲ್ಲ, ನಲವತ್ತೆರಡು ಅರ್ಜಿ ಆಗಿದೆ. ಎಲ್ಲ ಅನುಮಾನ ಪಡ್ತಿದ್ರು. ನಮ್ಮಣ್ಣ ಎಣಿಸಿದ್ದು ಕಣ್ರೇ ಅಂದೆ. ಬಾಯಿ ಮುಚ್ಕೊಂಡು ಹೆಬ್ಬೆಟ್ಟು ಒತ್ತಿದ್ರು."

ಹಾಜರಪ್ಪನವರ ಹೆಂಡತಿ ನಾದಿನಿಗೆ ಚಹಾ ತಂದು ಕೊಟ್ಟರು. ತಂಗಿ ಚಹಾ ಕುಡಿದು, ಅಣ್ಣನ ಕೈಯಿಂದಲೇ ಅರ್ಜಿ ತುಂಬಿಸಿಕೊಂಡು ಹೋದಳು. ಹೌದು, ತುಂಬಿಕೊಟ್ಟರು. ತಾನು ಬರೆದದ್ದು ಸುಳ್ಳು ಎಂದು, ತನ್ನ ಮಾತಿನ ಮೇಲೆ ಹತ್ತು ವರ್ಷ ನಡೆದ ತಂಗಿಗೆ ಹೇಗೆ ಹೇಳುವುದು?

"ಟೈಪಮ್ಮ, ಆ ಸುತ್ತೋಲೆ ಟೈಪ್ ಮಾಡುವಾಗ ನಿಮಗೇನನ್ನಿಸ್ತು?" ಎಂದು ಕೇಳಿದರು.

"ಎರಡು ಕಡೆ ಕಾಗುಣಿತ ತಪ್ಪಿತ್ತು, ತಿದ್ದಿದೆ" ಎಂದೆ. ನಿಜವಾಗಿಯೂ ಅಷ್ಟೇ ಅನ್ನಿಸಿತ್ತು. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಹಾಜರಪ್ಪನವರು ಸುಮ್ಮನೆ ಕೂರಲಿಲ್ಲ. ಹೆಣ ಬೇಕು ತಾನೆ, ಹೆಣವನ್ನೇ ಕೊಡೋಣ ಎಂದು ನಾಲ್ಕನೇ ನಂಬರಿನ ಕೆಸರು ಮತ್ತೆ ತಂದು ಹೊಸದಾಗಿ ಜಾಡಿ ಹೂಡಿದರು. ಪ್ರತಿ ಬೆಳಿಗ್ಗೆ ಟಾರ್ಚ್ ಹಿಡಿದು, ಮೇಲೆ ತೇಲಿದ ಹೆಣವಿದ್ದರೆ ಕರಗುವ ಮೊದಲೇ ಎತ್ತಿ ಸ್ಪಿರಿಟ್ ತುಂಬಿದ ಪುಟ್ಟ ಶೀಶೆಗೆ ಹಾಕಿ ತಾರೀಕು ಬರೆದರು. ಹತ್ತು ದಿನಕ್ಕೆ ಇಪ್ಪತ್ತೆರಡು ಶೀಶೆ. ಅವನ್ನು ಸಾಲಾಗಿ ನಿರ್ದೇಶಕರ ಮೇಜಿನ ಮೇಲೆ ಜೋಡಿಸಿದರು. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಎತ್ತಿ ನೋಡಿದರು.

"ದಿನಾ ಜಾಡಿಗೆ ಕೈ ಹಾಕಿದ್ರಾ?"

"ಮೇಲಿದ್ದದ್ದನ್ನ ಮಾತ್ರ ಎತ್ತಿದೆ ಸರ್."

"ಕೈ ಹಾಕಿದ್ರೆ ಅವಕ್ಕೆ ಗಾಬರಿ ಆಗಲ್ವಾ? ಗಾಬರಿಗೇ ಸತ್ತಿರಬಹುದು. ಈ ಪರೀಕ್ಷೆ ರದ್ದು. ಮತ್ತೆ, ಈ ಶೀಶೆಗಳನ್ನ ಸ್ಟೋರಿಗೆ ವಾಪಸು ಕೊಡಿ."

ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಹಿರಿಯರು. ನಮ್ಮ ಸಾಹೇಬರು ಪ್ರಮಾಣ ಕೈಗೆ ಕೊಟ್ಟರೂ ಕಣ್ಣಿಗೆ ಕಾಣಿಸುತ್ತಿಲ್ಲ ಅನ್ನುವ ಜಾತಿ. ಯೋಜನೆಯ ಉದ್ಘಾಟನೆಗೆ ಇನ್ನು ಹದಿನೈದೇ ದಿನ ಉಳಿದಿತ್ತು. ಹಾಜರಪ್ಪನವರು ಕೊನೆಯ ಸಲ ನಾಲ್ಕನೇ ನಂಬರಿನದೂ ಆಚೆ ಕೊಲ್ಲಿಯದೂ ಐದೈದು ಜಾಡಿ ಹೂಡಿದರು. ಈ ಸಲ ಯಾರಿಗೂ ಹೇಳಲಿಲ್ಲ. ಹತ್ತನೇ ದಿನ ಭಾನುವಾರ ಬಂತು. "ಬೀಗದ ಕೈ ಕೊಡ್ತೀರಾ?" ಎಂದು ನನ್ನನ್ನು ಕೇಳಿದರು. ನಾನು ಕೊಡಲಿಲ್ಲ, ನಾನೇ ಬಂದು ಬಾಗಿಲು ತೆರೆದೆ. ಅವರ ಹಿಂದೆ ಚಿಪ್ಪಕ್ಕ ನಿಂತಿದ್ದಳು.

"ಅಣ್ಣ ಕೆಲಸ ಮಾಡೋ ಜಾಗ ನೋಡು ಬಾ ಅಂದ" ಎಂದು ಸಂಭ್ರಮದಿಂದ ಒಳಗೆ ಬಂದಳು. ಹೊದಿಕೆಯ ಯಂತ್ರ ನೋಡಿ ಹೊಲಿಗೆ ಯಂತ್ರವಾ ಎಂದು ಕೇಳಿದಳು. ಜಾಡಿಗಳ ಮುಂದೆ ಬಗ್ಗಿ, ಗಾಳಿಯ ಗುಳ್ಳೆಗಳನ್ನು ನೋಡಿ ನಕ್ಕಳು.

ಹಾಜರಪ್ಪನವರು ಮೊದಲು ಆಚೆ ಕೊಲ್ಲಿಯ ಕೆಸರಿನ ಜಾಡಿಯೊಂದನ್ನು ಅವಳ ಕೈಗೆ ಕೊಟ್ಟರು. "ಇದರಲ್ಲಿ ಇಪ್ಪತ್ತು ಬಿಟ್ಟಿದ್ದೆ. ತೊಳೆದು ಎಣಿಸು."

ಅವಳು ತೊಟ್ಟಿಯ ಪಕ್ಕ ನಿಂತು ಜರಡಿ ಹಿಡಿದಳು. ಅಣ್ಣನಿಗಿಂತ ಚುರುಕಾದ ಕೈ. ಜರಡಿಯನ್ನು ಅಂಗೈಯಲ್ಲೇ ತಿರುಗಿಸುತ್ತ ನೀರು ಹಾಯಿಸಿದಳು, ಕೆಸರು ಇಳಿಯಿತು, ತಳದಲ್ಲಿ ಸಿಗಡಿಗಳು ಪಟಪಟ ಹಾರಿದವು. ಎಣಿಸಿದಳು. "ಹತ್ತೊಂಬತ್ತು. ಒಂದೆಲ್ಲಿ?"

"ಒಂದು ಹೋಯ್ತು. ಈಗ ಇದು" ಎಂದು ನಾಲ್ಕನೇ ನಂಬರಿನ ಜಾಡಿ ಮುಂದೆ ತಳ್ಳಿದರು.

ತೊಳೆದಳು. ತಟ್ಟೆಗೆ ಸುರಿದಳು. ಮೂರು ಸಿಗಡಿ, ಅವೂ ಮಂಕಾಗಿ ಬಿದ್ದಿದ್ದವು. ಏನೋ ಚೆಲ್ಲಿರಬೇಕೆಂದು ತೊಟ್ಟಿಯೊಳಗೆ ನೋಡಿದಳು. ಜರಡಿಯಿಂದ ಇಳಿದ ಕೆಸರನ್ನು ಬಕೆಟ್ಟಿನಿಂದ ಎತ್ತಿ ಮತ್ತೆ ಜರಡಿಗೆ ಹಾಕಿದಳು. ಮೂರನೇ ಸಲ ಜರಡಿ ಬಿಟ್ಟು, ಕೆಸರನ್ನು ಚಿಟಿಕೆ ಚಿಟಿಕೆಯಾಗಿ ಬೆರಳ ನಡುವೆ ಉಜ್ಜಿ ನೋಡಿದಳು. ನೀರಿನಡಿಯ ಚಿಪ್ಪನ್ನು ಕಾಣದೆಯೇ ಕಂಡುಹಿಡಿಯುವ ಬೆರಳುಗಳು ಅವು. ಅವುಗಳಿಗೂ ಏನೂ ಸಿಗಲಿಲ್ಲ.

"ಇನ್ನು ಹದಿನೇಳು ಎಲ್ಲಿ ಅಣ್ಣ?"

ಅವರು ಕೆಸರಿನ ಬಕೆಟ್ಟನ್ನು ಅವಳ ಮುಂದೆ ಸರಿಸಿದರು.

"ಕೆಸರಲ್ಲಿ ಏನೂ ಇಲ್ಲ. ನಾನು ನೋಡಿದೆನಲ್ಲ."

"ಇಲ್ಲ."

"ಹಿಂದಿನ ಸಲ ಎಷ್ಟು ಸಿಕ್ಕಿತ್ತು?"

"ಇಷ್ಟೇ. ನೂರಕ್ಕೆ ಹದಿನಾಲ್ಕು."

"ಗೋಡೆ ಮೇಲೆ ತೊಂಬತ್ತೈದು ಅಂತ ಇದೆ."

"ನಾನೇ ಬರ್ದಿದ್ದು" ಎಂದರು ಹಾಜರಪ್ಪ. ಸುತ್ತೋಲೆಯ ಹೆಸರು ಎತ್ತಲಿಲ್ಲ. ಆ ಒಂದು ಮಾತಿಗಾಗಿ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವ.

ಚಿಪ್ಪಕ್ಕ ತೊಟ್ಟಿಯಲ್ಲಿ ಕೈ ತೊಳೆದಳು. ಸೋಪು ಹಾಕಿ ಇನ್ನೊಮ್ಮೆ ತೊಳೆದಳು. ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಬೇಡವೆಂದು ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡಳು. "ನಿನ್ನ ಮಾತು ಕೇಳಿ ಹತ್ತು ವರ್ಷ ದೂರ ನಡೆದೆ. ನಿನ್ನ ಮಾತು ಕೇಳಿ ಇನ್ನೈದು ದಿನಕ್ಕೆ ಅಲ್ಲೇ ಇಳೀತಿದ್ದೆ. ನಮ್ಮ ಪಾಪೂಗೆ ನನ್ನ ಕೈಯಾರೆ ತಿನ್ನಿಸ್ತಿದ್ದೆ" ಎಂದಳು. ಕೂಗಲಿಲ್ಲ. ಕೂಗಿದ್ದರೆ ಅಣ್ಣನಿಗೆ ಸಲೀಸಾಗುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಒಬ್ಬಳೇ ಹೊರಟುಹೋದಳು. ಹಾಜರಪ್ಪನವರು ಉಳಿದ ಜಾಡಿಗಳನ್ನು ತೊಳೆದು, ಒಂದೊಂದನ್ನೂ ಎರಡೆರಡು ಸಲ ಎಣಿಸಿದರು. ಎಣಿಸುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಒರೆಸಿಕೊಂಡು ಮೊದಲಿನಿಂದ ಶುರು ಮಾಡುತ್ತಿದ್ದರು. ಅವತ್ತು ಕೆಮ್ಮದೆ ಕೂತದ್ದು ನಾನು ಮಾಡಿದ ಒಂದೇ ಉಪಕಾರ.

ಉದ್ಘಾಟನೆಯ ದಿನ ನಾಲ್ಕನೇ ನಂಬರಿನ ದಂಡೆಯಲ್ಲಿ ಶಾಮಿಯಾನ ಎದ್ದಿತು. ಕೆಸರಿನ ಬಯಲಲ್ಲಿ ನಲವತ್ತೆರಡು ಕೋಲು, ಕೋಲಿಗೊಂದು ಬಣ್ಣದ ಬಾವುಟ. ನೆರಳಿನಲ್ಲಿ ನಲವತ್ತೆರಡು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಗೊಂದು ಹೆಸರಿನ ಚೀಟಿ, ಪ್ರತಿ ಚೀಟಿಯ ಮೇಲೂ ಒಂದು ನೀರಿನ ಬಾಟಲಿ. ದೊಡ್ಡ ಅಧಿಕಾರಿಯ ಕಾರು, ಲೆಕ್ಕ ಹಾಕಿದಂತೆಯೇ, ಪಕ್ಕದವರೆಗೂ ಬಂತು. ಫಲಾನುಭವಿಗಳ ಹಾಜರಿ ಹಾಕುವ ಕೆಲಸವನ್ನು ನಿರ್ದೇಶಕರು ಯಾರಿಗೆ ಕೊಟ್ಟರು ಎಂದು ಹೇಳಬೇಕಿಲ್ಲ. ಅವರ ಬಳಿ ಪುಸ್ತಕವೂ ಇತ್ತು.

ಹತ್ತು ಗಂಟೆಗೆ ಬರಬೇಕಾದವರು ಹತ್ತೂವರೆಗೂ ಬರಲಿಲ್ಲ. ಹನ್ನೊಂದಾಯಿತು. ಒಬ್ಬಳೂ ಇಲ್ಲ. ಆ ಐದು ದಿನದಲ್ಲಿ ಚಿಪ್ಪಕ್ಕ ನಲವತ್ತೊಂದು ಮನೆಯ ಬಾಗಿಲು ತಟ್ಟಿದ್ದಳು. ಹೋದಲ್ಲೆಲ್ಲ ಹೇಳಿದ್ದು ಇಷ್ಟೇ: "ಇಪ್ಪತ್ತಕ್ಕೆ ಮೂರು. ನಾನೇ ತೊಳೆದು ಎಣಿಸಿದೆ." ನಾವು ಹತ್ತು ವರ್ಷ ಪುಟಗಟ್ಟಲೆ ಬರೆದು ಮುಟ್ಟಿಸಲಾರದ್ದನ್ನು ಅವಳು ಎರಡು ಸಂಖ್ಯೆಯಲ್ಲಿ ಮುಟ್ಟಿಸಿದ್ದಳು.

ದೊಡ್ಡ ಅಧಿಕಾರಿ ಗಡಿಯಾರ ನೋಡಿಕೊಂಡರು. ನಿರ್ದೇಶಕರು ಬೆವರುತ್ತ ಹಾಜರಪ್ಪನವರ ಕಡೆ ಬಗ್ಗಿ ಕೇಳಿದರು. "ಎಷ್ಟು ಜನ ಬಂದಿದ್ದಾರ್ರೀ?"

ಹಾಜರಪ್ಪನವರು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನಲವತ್ತೆರಡಕ್ಕೆ ನಲವತ್ತೆರಡೂ ಹಾಜರಿ, ಸರ್."

ಶಾಮಿಯಾನದಲ್ಲಿದ್ದವರೆಲ್ಲ ಖಾಲಿ ಕುರ್ಚಿಗಳ ಕಡೆ ತಿರುಗಿದರು.

"ಎಲ್ಲಿದ್ದಾರೆ?" ಎಂದರು ದೊಡ್ಡ ಅಧಿಕಾರಿ.

"ಸಿಗಲಿಲ್ಲ ಸರ್. ಸಿಗಲಿಲ್ಲ ಅಂತ ಗೈರುಹಾಜರಿ ಹಾಕೋ ಹಾಗಿಲ್ಲ. ದೇಹ ಸಿಗದವರು ಕೆಸರಿನ ಕೆಳಗೆ ಸುರಕ್ಷಿತವಾಗಿದ್ದಾರೆ ಅಂತ ಭಾವಿಸಿ ಹಾಜರಿ ಹಾಕಬೇಕು ಅಂತ ಸಾಹೇಬ್ರ ಸುತ್ತೋಲೆ ಇದೆ. ಸಮಸ್ತ ಎಣಿಕೆಗೂ ಅನ್ವಯ." ಜೇಬಿನಿಂದ ಸುತ್ತೋಲೆ ತೆಗೆದು ಎರಡೂ ಕೈಯಲ್ಲಿ ವಿನಯದಿಂದ ಕೊಟ್ಟರು. "ನಾಲ್ಕನೇ ನಂಬರಿನ ಸಿಗಡಿಗಳನ್ನೂ ಹೀಗೇ ಎಣಿಸಿದ್ದು ಸರ್. ಕಣ್ಣಿಗೆ ಸಿಕ್ಕಿದ್ದು ಹದಿನಾಲ್ಕು."

ದೊಡ್ಡ ಅಧಿಕಾರಿ ಸುತ್ತೋಲೆಯನ್ನು ಎರಡು ಸಲ ಓದಿದರು. ಒಂದು ಸಲ ಬಾವುಟಗಳ ಕೆಳಗಿನ ಕೆಸರನ್ನೂ ನೋಡಿದರು, ಯಾರಾದರೂ ಎದ್ದು ಬರುತ್ತಾರೇನೋ ಅನ್ನುವ ಹಾಗೆ. ಆಮೇಲೆ ಕಾರು ಹತ್ತಿದರು. ಪತ್ರಿಕೆಯವರು ಖಾಲಿ ಕುರ್ಚಿಗಳ ಫೋಟೋ ತೆಗೆದುಕೊಂಡರು.

ಮಾರನೆಯ ದಿನವೇ ಹಾಜರಪ್ಪನವರಿಗೆ ಕಾರಣ ಕೇಳಿ ನೋಟಿಸು ಬಂತು. ಟೈಪ್ ಮಾಡಿದವಳು ನಾನೇ. ಅವರ ಉತ್ತರವನ್ನೂ ನಾನೇ ಟೈಪ್ ಮಾಡಿದೆ: "ಸುತ್ತೋಲೆಯ ಪ್ರಕಾರ ನಡೆದುಕೊಂಡಿದ್ದೇನೆ." ಈಗ ನಿರ್ದೇಶಕರಿಗೆ ಅತ್ತ ದರಿ, ಇತ್ತ ಪುಲಿ. ಹಾಜರಪ್ಪನವರದು ತಪ್ಪು ಅನ್ನಬೇಕಾದರೆ ಸುತ್ತೋಲೆ ತಪ್ಪು ಅನ್ನಬೇಕು. ಸುತ್ತೋಲೆ ತಪ್ಪಾದರೆ ಸಿಗದ ಸಿಗಡಿಗಳೆಲ್ಲ ಒಂದೇ ಏಟಿಗೆ ಸಾಯುತ್ತವೆ. ಮೂರು ವಾರ ಯೋಚಿಸಿ, ಕೊನೆಗೆ ಸುತ್ತೋಲೆಯನ್ನು ಹಿಂತೆಗೆದುಕೊಂಡರು, 'ಅನಿವಾರ್ಯ ಕಾರಣಗಳಿಂದ'. ಎಂಬತ್ತೊಂದು ಸಿಗಡಿಗಳು ಸರ್ಕಾರಿ ದಾಖಲೆಯಲ್ಲಿ ಅವತ್ತು ಸತ್ತವು. ನಾಲ್ಕನೇ ನಂಬರಿಗೆ ಮತ್ತೆ ಹದಿನಾಲ್ಕು ಬಂತು, ಯೋಜನೆ ಕಪಾಟು ಸೇರಿತು. ಹಾಜರಪ್ಪನವರನ್ನು ಎಣಿಕೆಯಿಂದ ತೆಗೆದು ಸ್ಟೋರಿಗೆ ಹಾಕಿದರು. ಅಲ್ಲಿ ಅವರು ನಿವೃತ್ತಿಯಾಗುವವರೆಗೂ ಶೀಶೆ ಎಣಿಸಿದರು. ಕಾರ್ಖಾನೆಗಳು ಸತು ತೊಳೆದು ಬಿಡುವುದನ್ನು ನಿಲ್ಲಿಸಿದವು ಎಂದು ಬರೆಯಲು ನನಗೂ ಆಸೆಯಿದೆ. ಆದರೆ ನಾನು ಇನ್ನು ಸುಳ್ಳು ಟೈಪ್ ಮಾಡುವುದಿಲ್ಲ.

ಊರೆಲ್ಲ ಹಾಜರಪ್ಪನವರನ್ನು ಹೊಗಳಿತು. ತಂಗಿಯೊಬ್ಬಳು ಹೊಗಳಲಿಲ್ಲ. ಎಂಟು ತಿಂಗಳು ಮಾತು ಬಿಟ್ಟಿದ್ದಳು. ಹತ್ತು ನಿಮಿಷದ ಜಾಗ ಹೋಯಿತು, ಮಂಡಿ ನೋವು ಹೋಗಲಿಲ್ಲ. ಅವಳು ಮತ್ತೆ ಒಂದೂವರೆ ಗಂಟೆ ನಡೆದು ಆಚೆ ಕೊಲ್ಲಿಗೇ ಹೋಗುತ್ತಿದ್ದಳು. ನಿವೃತ್ತಿಯ ಮಾರನೆಯ ದಿನ ಹಾಜರಪ್ಪನವರು ಬೆಳಿಗ್ಗೆಯೇ ಅವಳ ಮನೆ ಮುಂದೆ ಹೋಗಿ ನಿಂತರಂತೆ. ಅವಳು ಬುಟ್ಟಿ ಎತ್ತಿಕೊಂಡು ನಡೆದಳು, ಇವರು ಹಿಂದೆ ನಡೆದರು. ವಾರವಾದ ಮೇಲೆ ಬುಟ್ಟಿ ಇವರ ತಲೆಗೆ ಬಂತು.

ನಾನು ಒಮ್ಮೆ ಅವರನ್ನು ನೋಡಲು ಆಚೆ ಕೊಲ್ಲಿಗೆ ಹೋಗಿದ್ದೆ. ಅಣ್ಣ ತಂಗಿ ದಂಡೆಯ ಮೇಲೆ ಎದುರುಬದುರು ಕೂತಿದ್ದರು, ನಡುವೆ ಅಂದು ಆರಿಸಿದ ಚಿಪ್ಪಿನ ರಾಶಿ. ಹಳೇ ಚಾಳಿ, ಹಾಜರಪ್ಪನವರ ಕೈ ರಾಶಿಯ ಕಡೆ ಹೋಯಿತು, ತುಟಿ ಅಲ್ಲಾಡತೊಡಗಿತು. ಚಿಪ್ಪಕ್ಕ ಅವರ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದಳು.

"ನೀನು ಹೊತ್ಕೋ ಅಣ್ಣ" ಎಂದಳು. "ಎಣಿಸೋದು ನಾನು."